ವ್ಯಾನಿನ ಜಾರು ಬಾಗಿಲು, ಸೀಟಿನಡಿ ಹೂತ ಬೆಲ್ಟು

ಪ್ರಶ್ನೆ: ನಾವು ತೀರ್ಥಹಳ್ಳಿ ಹತ್ತಿರದವರು. ಹೋದ ತಿಂಗಳು 2016ರ ಮಾಡೆಲ್ ಮಾರುತಿ ಈಕೋ ಸೆಕೆಂಡ್ ಹ್ಯಾಂಡ್ ತಗೊಂಡೆವು, 7 ಸೀಟಿನದು. ಆಗುಂಬೆ ಘಾಟಿ ಇಳಿದು ಉಡುಪಿ, ಕಟೀಲಿಗೆ ಹೋಗಿಬರಬೇಕು ಅಂತಿದ್ದೇವೆ. ಮಗಳಿಗೆ ಆರು ವರ್ಷ, ಮಗನಿಗೆ ಒಂದೂವರೆ. ಸ್ಲೈಡಿಂಗ್ ಬಾಗಿಲಿಗೆ ಚೈಲ್ಡ್ ಲಾಕ್ ಹಾಕೋಣ ಅಂದರೆ ಅಮ್ಮ ಬೇಡ ಅನ್ನುತ್ತಾರೆ. ಏನಾದರೂ ಆದರೆ ಒಳಗೇ ಸಿಕ್ಕಿಹಾಕಿಕೊಳ್ಳುತ್ತೇವೆ ಅಂತ ಅವರ ಭಯ. ಸೀಟ್ ಬೆಲ್ಟೂ ಬೇಡವಂತೆ, ಅದೇ ಕಾರಣಕ್ಕೆ. ಹಿಂದಿನ ಸೀಟುಗಳಲ್ಲಿ ಬೆಲ್ಟು ಕಾಣಿಸುವುದೇ ಇಲ್ಲ. ಮುಂದಿನ ಬೆಲ್ಟು ಮನೆ ಮುಂದಿನ ಏರಿನಲ್ಲಿ ಎಷ್ಟು ಎಳೆದರೂ ಬರುವುದಿಲ್ಲ. ನಾವು ಒಟ್ಟು 9 ಜನ. ಏನು ಮಾಡಬೇಕು?

ಉತ್ತರ: ಮೊದಲು ಸೀಟ್ ಕವರ್ ಬಿಚ್ಚಿ. ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಅದರ ಅಡಿಯಲ್ಲೇ ಇರಬಹುದು.

ಸೆಕೆಂಡ್ ಹ್ಯಾಂಡ್ ವ್ಯಾನ್ ನನ್ನ ಗ್ಯಾರೇಜಿಗೆ ಬಂದರೆ ನಾನು ಇಂಜಿನ್ ನೋಡುವ ಮೊದಲು ಮಧ್ಯದ ಸೀಟಿನ ಸಂದಿಗೆ ಕೈ ಹಾಕುತ್ತೇನೆ. ಕಡಲೆಕಾಯಿ ಸಿಪ್ಪೆ, ಒಂದು ರೂಪಾಯಿ ನಾಣ್ಯ, ಯಾವುದೋ ಮಗುವಿನ ಹೇರ್ ಕ್ಲಿಪ್ಪು ಸಿಗುತ್ತವೆ. ಇನ್ನೂ ಕೆಳಗೆ ಕೈ ಇಳಿಸಿದರೆ ಬೆಲ್ಟಿನ ಬಕಲ್. ರೆಕ್ಸಿನ್ ಕವರ್ ಹೊಲಿದವರು ಬಕಲ್‌ಗೆ ತೂತು ಬಿಟ್ಟಿರುವುದಿಲ್ಲ. ಅದನ್ನು ಒಳಗೆ ತುರುಕಿ, ಮೇಲಿಂದ ಕವರ್ ಎಳೆದು ಕಟ್ಟಿ ಕಳಿಸಿರುತ್ತಾರೆ. ನೋಡೋಕೆ ಸೀಟು ನೀಟಾಗಿರುತ್ತದೆ. ಬೆಲ್ಟು ಮಾತ್ರ ಮಾಯ. ನಿಮ್ಮ ಹಿಂದಿನ ಮಾಲೀಕರೂ ಇದನ್ನೇ ಮಾಡಿಸಿರುವ ಸಾಧ್ಯತೆ ಜಾಸ್ತಿ.

ಕವರ್ ತೆಗೆಸಿ, ಬಕಲ್‌ಗಳನ್ನು ಮೇಲೆ ಎಳೆದು, ಅವು ಹೊರಗೆ ಬರುವ ಕಡೆ ತೂತು ಮಾಡಿಸಿ ಮತ್ತೆ ಹಾಕಿಸಿ. ಒಂದು ಗಂಟೆ ಕೆಲಸ. ಪಟ್ಟಿ ಒಳಗೆ ಮಡಚಿಕೊಂಡಿದ್ದರೆ ಪೂರ್ತಿ ಹೊರಗೆ ಎಳೆದು ಅಂಚು ನೋಡಿ. ನೂಲು ಎದ್ದಿದ್ದರೆ, ಕೊಯ್ದ ಗುರುತಿದ್ದರೆ, ಇಲಿ ಕಡಿದಿದ್ದರೆ ಹೊಲಿಸೋಕೆ ಹೋಗಬೇಡಿ, ಬೆಲ್ಟನ್ನೇ ಬದಲಾಯಿಸಿ. ನಿಮ್ಮ ಕಡೆ ಮಳೆಗಾಲದಲ್ಲಿ ಬೂಷ್ಟು ಹಿಡಿದಿರುತ್ತದೆ, ಅದು ದೊಡ್ಡ ವಿಷಯ ಅಲ್ಲ. ಮೈಸೋಪಿನ ನೀರು, ಮೆತ್ತಗಿನ ಬ್ರಷ್ಷು ಸಾಕು. ಬ್ಲೀಚಿಂಗ್ ಪೌಡರ್ ಬೇಡ, ಅದು ನೂಲನ್ನೇ ತಿನ್ನುತ್ತದೆ. ನೆರಳಲ್ಲಿ ಚೆನ್ನಾಗಿ ಒಣಗುವ ತನಕ ಬೆಲ್ಟನ್ನು ಸುರುಳಿಯೊಳಗೆ ಹೋಗಲು ಬಿಡಬೇಡಿ. ಒಂದು ಬಟ್ಟೆ ಕ್ಲಿಪ್ಪು ಹಾಕಿಡಿ.

ಕೊನೆ ಸಾಲಿನಲ್ಲಿ ನಿಜಕ್ಕೂ ಬೆಲ್ಟು ಇಲ್ಲ, ಯಾರೋ ಬಿಚ್ಚಿ ಎಸೆದಿದ್ದಾರೆ ಅಂತಾದರೆ ಕಂಪನಿ ಕೊಟ್ಟ ಬೋಲ್ಟಿನ ಜಾಗದಲ್ಲೇ ಹೊಸದು ಕೂರಿಸಬೇಕು. ತಗಡಿಗೆ ತೂತು ಕೊರೆದು ಸ್ಕ್ರೂ ಹಾಕಿ ಕೊಡುವವರಿದ್ದಾರೆ. ಅಂಥ ಬೆಲ್ಟು ಅಪಘಾತದ ದಿನ ತಗಡಿನ ಸಮೇತ ಕಿತ್ತು ಬರುತ್ತದೆ. ಅದು ಸರಿಯಾಗುವ ತನಕ ಆ ಸಾಲಿಗೆ ಮನುಷ್ಯರು ಬೇಡ, ಬ್ಯಾಗು ಇಡಿ.

ಈಗ ಏರಿನಲ್ಲಿ ಬಾರದ ಬೆಲ್ಟು. ಈ ದೂರು ನನಗೆ ಮಲೆನಾಡಿನವರಿಂದಲೇ ಬರುತ್ತದೆ. ದಾವಣಗೆರೆಯವರು ಒಬ್ಬರೂ ಕೇಳಿಲ್ಲ. ಕಾರಣ ನಿಮ್ಮ ಮನೆಯ ದಾರಿ.

ಬೆಲ್ಟು ಸುತ್ತಿಕೊಳ್ಳುವ ರೀಲಿನ ಪಕ್ಕದಲ್ಲಿ ಒಂದು ಪುಟ್ಟ ಬಟ್ಟಲು ಇರುತ್ತದೆ. ಅದರಲ್ಲಿ ಗೋಲಿಗಿಂತ ಸಣ್ಣ ಉಕ್ಕಿನ ಗುಂಡು. ವ್ಯಾನ್ ಗಕ್ಕನೆ ನಿಂತರೆ ಗುಂಡು ಉರುಳಿ ಮೇಲಿನ ಪುಟ್ಟ ಕಡ್ಡಿಯನ್ನು ಎತ್ತುತ್ತದೆ. ಕಡ್ಡಿ ಹೋಗಿ ಹಲ್ಲಿನ ಚಕ್ರಕ್ಕೆ ಸಿಕ್ಕಿಕೊಂಡು ರೀಲು ತಿರುಗದಂತೆ ಹಿಡಿಯುತ್ತದೆ. ವ್ಯಾನ್ ನಿಂತಿದ್ದಾಗ ಜಾಸ್ತಿ ಓರೆಯಾದರೂ ಗುಂಡು ಉರುಳುತ್ತದೆ. ಅದಕ್ಕೆ ಬ್ರೇಕು ಯಾವುದು, ಏರು ಯಾವುದು ಅಂತ ಗೊತ್ತಾಗುವುದಿಲ್ಲ. ವಿಶ್ವಸಂಸ್ಥೆಯ ಸೀಟ್ ಬೆಲ್ಟ್ ನಿಯಮದ ಪ್ರಕಾರ 12 ಡಿಗ್ರಿ ಓರೆಯವರೆಗೆ ರೀಲು ಹಿಡಿದುಕೊಳ್ಳಬಾರದು, 27 ಡಿಗ್ರಿ ದಾಟಿದರೆ ಹಿಡಿಯಲೇಬೇಕು. ಘಾಟಿ ರಸ್ತೆ ಸಾಮಾನ್ಯವಾಗಿ 12 ಡಿಗ್ರಿಗಿಂತ ಕಡಿಮೆಯೇ. ಆದರೆ ಮಲೆನಾಡಿನ ಮನೆಗೆ ಹತ್ತುವ ಮಣ್ಣಿನ ದಾರಿ, ಜೊತೆಗೆ ಒಂದು ಚಕ್ರ ಚರಂಡಿ ಕಡೆ ವಾಲಿದ್ದರೆ ಕೇಳಬೇಕಾ!

ಇದಲ್ಲದೆ ಇನ್ನೊಂದು ಹಿಡಿತ ಇದೆ. ಪಟ್ಟಿಯನ್ನು ಜೋರಾಗಿ ಜಗ್ಗಿದರೂ ಅದು ಹಿಡಿಯುತ್ತದೆ. ಬರುತ್ತಿಲ್ಲ ಅಂತ ಸಿಟ್ಟಲ್ಲಿ ಜಗ್ಗಿದಷ್ಟೂ ಅದು ಬಿಗಿಯಾಗುತ್ತಲೇ ಹೋಗುತ್ತದೆ. ಹಾಗಾಗಿ ವ್ಯಾನನ್ನು ಸಮತಟ್ಟು ಜಾಗಕ್ಕೆ ತನ್ನಿ. ಪಟ್ಟಿಯನ್ನು ಪೂರ್ತಿ ಒಳಗೆ ಬಿಟ್ಟು, ಮೆಲ್ಲಗೆ ಎಳೆಯಿರಿ. ಸಲೀಸಾಗಿ ಬರಬೇಕು. ಆಮೇಲೆ ಒಮ್ಮೆ ಗಕ್ಕನೆ ಎಳೆಯಿರಿ. ಅಲ್ಲೇ ನಿಲ್ಲಬೇಕು. ಎರಡೂ ಆದರೆ ಬೆಲ್ಟು ಸರಿಯಾಗಿದೆ. ಗಕ್ಕನೆ ಎಳೆದರೂ ಸುಮ್ನೆ ಬರುತ್ತಲೇ ಇದ್ದರೆ ಅದು ಕೆಟ್ಟ ಬೆಲ್ಟು, ಬದಲಾಯಿಸಿ. ಹಿಂದೊಮ್ಮೆ ಅಪಘಾತದಲ್ಲಿ ಭಾರ ಹೊತ್ತ ಬೆಲ್ಟೂ ಅಷ್ಟೇ, ನೋಡೋಕೆ ಚೆನ್ನಾಗಿದ್ದರೂ ಬೇಡ. ಒಬ್ಬರು ರೀಲನ್ನು ತಾವೇ ಬಿಚ್ಚಿ ಕೈಯಲ್ಲಿ ಹಿಡಿದು ತಂದಿದ್ದರು. "ನೋಡಿ, ಜಾಮ್ ಆಗಿದೆ, ಒಂದಿಂಚು ಬರಲ್ಲ" ಅಂದರು. ಓರೆಯಾಗಿ ಹಿಡಿದುಕೊಂಡಿದ್ದರು. ನೆಟ್ಟಗೆ ಮಾಡಿ ಎಳೆದು ತೋರಿಸಿದೆ. ಹೊಸದಕ್ಕೆ ಆಗಲೇ ದುಡ್ಡು ಎಣಿಸಿಟ್ಟಿದ್ದರು, ಪಾಪ.

ಇನ್ನು ಅಮ್ಮನ ಮಾತು. ಅವರ ಭಯವನ್ನು ತಳ್ಳಿಹಾಕಬೇಡಿ. ಕೈಯಲ್ಲಿ ಮಾಡಿಸಿ ತೋರಿಸಿ.

ಬೆಂಕಿ ಹತ್ತುವುದು, ನೀರಿಗೆ ಬೀಳುವುದು ಅಪಘಾತಗಳಲ್ಲಿ ಅಪರೂಪ. ಹಾಗಾದರೂ ಹೊರಗೆ ಬರಬೇಕೆಂದರೆ ಎಚ್ಚರ ಇರಬೇಕು, ಕೈಕಾಲು ಆಡಬೇಕು. ಬೆಲ್ಟಿಲ್ಲದವರ ತಲೆ ಮುಂದಿನ ಸೀಟಿಗೋ ಕಂಬಿಗೋ ಬಡಿದು ಎಚ್ಚರ ತಪ್ಪಿರುತ್ತದೆ. ಬೆಲ್ಟು ಹಾಕಿದವರಿಗೆ ಬಕಲ್ ಒತ್ತುವ ಕೆಲಸ ಒಂದು ಬಾಕಿ ಇರುತ್ತದೆ, ಅಷ್ಟೇ. ಆ ಗುಂಡಿ ಎಲ್ಲ ವ್ಯಾನಿನಲ್ಲೂ ಕೆಂಪಗೇ ಇರುತ್ತದೆ. ಡಿಕ್ಕಿಯ ಪರೀಕ್ಷೆ ಆದ ಮೇಲೂ ಅದು 60 ನ್ಯೂಟನ್, ಅಂದರೆ ಸುಮಾರು 6 ಕೆ.ಜಿ. ಒತ್ತಡಕ್ಕೆ ಬಿಚ್ಚಿಕೊಳ್ಳಬೇಕು ಎಂಬ ನಿಯಮ ಇದೆ. ರೊಟ್ಟಿ ತಟ್ಟುವ ಕೈಗೆ ಅದೇನು ಲೆಕ್ಕ? ಸಂಜೆ ಹೊತ್ತು ವ್ಯಾನಿನಲ್ಲಿ ಕೂರಿಸಿ, ಬೆಲ್ಟು ಹಾಕಿ, ಕಣ್ಣು ಮುಚ್ಚಿಕೊಂಡು ಬಿಚ್ಚಲು ಹೇಳಿ. ಮೂರು ಸಲ ಮಾಡಿಸಿ. ನನ್ನ ಅತ್ತೆಯವರಿಗೆ ನಾನು ಹೀಗೇ ಮಾಡಿಸಿದ್ದು. ಎರಡನೇ ಸಲಕ್ಕೆ ಅವರೇ "ಇಷ್ಟೇನಾ?" ಅಂದರು.

ಅಮ್ಮನವರ ಎತ್ತರ ಕಡಿಮೆ ಇದ್ದರೆ ಇನ್ನೊಂದು ತೊಂದರೆ ಇರುತ್ತದೆ, ಅದನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. ಪಟ್ಟಿ ಕತ್ತಿಗೆ ಉಜ್ಜುತ್ತದೆ. ಅದಕ್ಕೇ ಎಷ್ಟೋ ಜನ ಅದನ್ನು ಕಂಕುಳ ಕೆಳಗೆ ಹಾಕಿಕೊಳ್ಳುತ್ತಾರೆ. ಅದು ತಪ್ಪು. ಡಿಕ್ಕಿಯಾದಾಗ ಪಕ್ಕೆಲುಬೇ ಮುರಿಯುತ್ತದೆ. ಬೆನ್ನು ಸೀಟಿಗೆ ಪೂರ್ತಿ ತಾಗುವಂತೆ ಹಿಂದಕ್ಕೆ ಸರಿದು ಕೂರಬೇಕು. ಮೇಲಿನ ಪಟ್ಟಿ ಭುಜದ ನಡುವೆ ಹಾಯಬೇಕು. ಕೆಳಗಿನದು ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ, ತೊಡೆಗೆ ತಾಗುವಷ್ಟು ಕೆಳಗೆ. ರೇಷ್ಮೆ ಸೀರೆ ಉಟ್ಟಿದ್ದರೆ ನೆರಿಗೆಯ ದಪ್ಪದ ಮೇಲೆ ಬೆಲ್ಟು ಮೇಲಕ್ಕೆ ಜಾರುತ್ತಿರುತ್ತದೆ. ಹಾಕಿದ ಮೇಲೆ ಒಮ್ಮೆ ಕೆಳಕ್ಕೆ ಸರಿಸಿ, ಭುಜದ ಕಡೆಯಿಂದ ಎಳೆದು ಸಡಿಲ ತೆಗೆಯಬೇಕು. ಮನೆಯಲ್ಲಿ ಬಸುರಿ ಇದ್ದರೂ ಬೆಲ್ಟು ಬೇಕು. ಕೆಳಪಟ್ಟಿ ಹೊಟ್ಟೆಯ ಅಡಿಗೆ, ಮೇಲಿನದು ಎದೆಯ ನಡುವೆ ಹಾದು ಹೊಟ್ಟೆಯ ಪಕ್ಕಕ್ಕೆ.

ಮಧ್ಯದ ಸಾಲಿನ ನಡುವಿನ ಸೀಟಿಗೆ ಸೊಂಟಕ್ಕೆ ಮಾತ್ರ ಬರುವ ಬೆಲ್ಟು ಇದ್ದರೆ ಅದಕ್ಕೆ ರೀಲು ಇರುವುದಿಲ್ಲ, ತಾನಾಗಿ ಬಿಗಿಯಾಗುವುದಿಲ್ಲ. ಉದ್ದ ಮಾಡಲು ಲೋಹದ ನಾಲಿಗೆಯನ್ನು ಪಟ್ಟಿಗೆ ಅಡ್ಡಲಾಗಿ ತಿರುಗಿಸಿ ಎಳೆಯಬೇಕು, ಬಿಗಿ ಮಾಡಲು ತುದಿಯ ಬಾಲ ಎಳೆಯಬೇಕು. ಭುಜದ ಬೆಲ್ಟಿನಷ್ಟು ಒಳ್ಳೆಯದಲ್ಲ. ಏನೂ ಇಲ್ಲದ್ದಕ್ಕಿಂತ ಎಷ್ಟೋ ವಾಸಿ.

ಮಕ್ಕಳ ವಿಷಯಕ್ಕೆ ಬರೋಣ. ನಮ್ಮಲ್ಲಿ ಒಂದೂವರೆ ವರ್ಷದ ಮಗು ಅಂದರೆ ತೊಡೆ ಮೇಲೆ, ಅಲ್ವಾ? ಸ್ವಲ್ಪ ಲೆಕ್ಕ ಹಾಕಿ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದ ವ್ಯಾನು ಡಿಕ್ಕಿಯಾಗಿ ಅರ್ಧ ಮೀಟರಿನಲ್ಲಿ ನಿಂತಿತು ಅಂದುಕೊಳ್ಳಿ. 10 ಕೆ.ಜಿ. ಮಗುವನ್ನು ಹಿಡಿದುಕೊಳ್ಳಲು ಆ ಕ್ಷಣಕ್ಕೆ 200 ಕೆ.ಜಿ. ಎತ್ತುವಷ್ಟು ಬಲ ಬೇಕು. ಎರಡು ಅಡಕೆ ಚೀಲ ತಂದು ತೊಡೆಯ ಮೇಲಿಟ್ಟು ನೋಡಿ, ಅದೇ ನಿಮ್ಮನ್ನು ಏಳಲು ಬಿಡುವುದಿಲ್ಲ. ತಾಯಿ, ಮಗು ಇಬ್ಬರಿಗೂ ಸೇರಿಸಿ ಒಂದೇ ಬೆಲ್ಟು ಹಾಕುವುದು ಇನ್ನೂ ಕೆಟ್ಟದ್ದು. ತಾಯಿಯ ಭಾರವೆಲ್ಲ ಮಗುವಿನ ಮೇಲೆ ಬೀಳುತ್ತದೆ, ನಡುವೆ ಬೆಲ್ಟು ಕೊಯ್ಯುತ್ತದೆ.

ಹಾಗಾಗಿ ಮಗನಿಗೆ ಚೈಲ್ಡ್ ಸೀಟು ತಗೊಳ್ಳಿ. ನಮ್ಮ ದೇಶದ ಮಾನದಂಡ ಎಐಎಸ್ 072, ಯುರೋಪಿನ ಹಳೆಯ ಮಾನದಂಡದವಕ್ಕೆ ಕಿತ್ತಳೆ ಬಣ್ಣದ ಚೀಟಿ ಇರುತ್ತದೆ. ಎರಡರಲ್ಲಿ ಒಂದು ಇರಲಿ. ಬೆಲ್ಟಿನಿಂದಲೇ ಕಟ್ಟುವ ಮಾದರಿ ಕೇಳಿ ತಗೊಳ್ಳಿ. ಕೊಕ್ಕೆಯಲ್ಲಿ ಸಿಕ್ಕಿಸುವ ಐಸೋಫಿಕ್ಸ್ ಮಾತ್ರ ಇರುವುದನ್ನು ತಂದು ಹಾಕಲು ಜಾಗ ಇಲ್ಲ ಅಂತ ವಾಪಸು ಕೊಟ್ಟವರನ್ನು ನೋಡಿದ್ದೇನೆ. ಮಧ್ಯದ ಸಾಲಿನಲ್ಲಿ, ಭುಜದ ಬೆಲ್ಟು ಇರುವ ಕಡೆ, ಮಗುವಿನ ಮುಖ ವ್ಯಾನಿನ ಹಿಂಭಾಗಕ್ಕೆ ಇರುವಂತೆ ಕಟ್ಟಿ. ಸೀಟಿನ ತೂಕದ ಮಿತಿ ಇರುವವರೆಗೆ ಹಾಗೇ ಇರಲಿ. ಅವನು ಹಿಂದಕ್ಕೆ ನೋಡುತ್ತಾ ಕೂತರೆ ಡಿಕ್ಕಿಯ ಪೆಟ್ಟು ಕತ್ತಿಗೆ ಬೀಳದೆ ಇಡೀ ಬೆನ್ನಿಗೆ ಹಂಚಿಹೋಗುತ್ತದೆ. ಕಟ್ಟಿದ ಮೇಲೆ ಬೆಲ್ಟು ಹಾಯುವ ಕಡೆ ಹಿಡಿದು ಅಲ್ಲಾಡಿಸಿ. ಒಂದಿಂಚಿಗಿಂತ ಜಾಸ್ತಿ ಆಡಬಾರದು. ಮುಂದೆ ಹೊಸ ಗಾಡಿ ತಗೊಂಡಾಗ ಒಂದು ಮಾತು ನೆನಪಿಡಿ: ಏರ್‌ಬ್ಯಾಗ್ ಇರುವ ಮುಂದಿನ ಸೀಟಿಗೆ ಹಿಮ್ಮುಖದ ಚೈಲ್ಡ್ ಸೀಟು ಯಾವತ್ತೂ ಕಟ್ಟಬಾರದು.

ಮಗಳಿಗೆ ಬೂಸ್ಟರ್ ಸಾಕು. ಅದು ಅವಳನ್ನು ಎತ್ತರಕ್ಕೆ ಕೂರಿಸಿ, ಬೆಲ್ಟು ಕತ್ತಿನ ಬದಲು ಭುಜಕ್ಕೆ ಬರುವಂತೆ ಮಾಡುತ್ತದೆ. ಇದಕ್ಕೂ ಭುಜದ ಬೆಲ್ಟು ಬೇಕೇ ಬೇಕು, ಸೊಂಟದ ಬೆಲ್ಟಿನ ಮೇಲೆ ಬೂಸ್ಟರ್ ಇಡುವ ಹಾಗಿಲ್ಲ. ದಿಂಬು, ಮಡಚಿದ ಕಂಬಳಿ ಬೂಸ್ಟರ್ ಅಲ್ಲ. ಅವು ಅದುಮಿಕೊಂಡು ಹೋಗಿ ಮಗು ಬೆಲ್ಟಿನ ಅಡಿಯಿಂದ ಜಾರುತ್ತದೆ. ಅಂದರೆ ಮಧ್ಯದ ಸಾಲಿನ ಎರಡು ಪಕ್ಕ ಎರಡು ಮಕ್ಕಳಿಗೆ, ನಡುವೆ ಒಬ್ಬ ದೊಡ್ಡವರು. ಘಾಟಿಯಲ್ಲಿ ವಾಂತಿ ಬಂತು ಅಂತ ಬೆಲ್ಟು ಬಿಚ್ಚಿ ಕಿಟಕಿಗೆ ಎತ್ತಬೇಡಿ. ಕವರ್ ಕೈಯಲ್ಲಿರಲಿ, ಜಾಗ ನೋಡಿ ಗಾಡಿ ನಿಲ್ಲಿಸಿ.

ದಂಡದ ಮಾತು ಬೇಗ ಮುಗಿಸುತ್ತೇನೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 194ಬಿ ಸೆಕ್ಷನ್ ಪ್ರಕಾರ ಬೆಲ್ಟಿಲ್ಲದ ಪ್ರಯಾಣಿಕರನ್ನು ಕೂರಿಸಿಕೊಂಡರೆ ಹೊಣೆ ಗಾಡಿ ಓಡಿಸುವವರದು. 14 ವರ್ಷದೊಳಗಿನ ಮಗುವಿಗೆ ಬೆಲ್ಟೋ ಚೈಲ್ಡ್ ಸೀಟೋ ಇಲ್ಲದಿದ್ದರೂ ಅಷ್ಟೇ. ಕಾಯ್ದೆಯಲ್ಲಿರುವ ದಂಡ 1,000 ರೂಪಾಯಿ. ಹಾಗೇ, ಬೀಪ್ ಸದ್ದು ನಿಲ್ಲಿಸಲು ಬಕಲ್‌ಗೆ ಸಿಕ್ಕಿಸುವ ಬರೀ ಕ್ಲಿಪ್ಪು ಮಾರುತ್ತಿದ್ದರಲ್ಲ, 2023ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು ಅದನ್ನು ಮಾರಬಾರದು ಅಂತ ಆನ್‌ಲೈನ್ ಅಂಗಡಿಗಳಿಗೆ ಆದೇಶ ಮಾಡಿತು. ನಿಮ್ಮ ವ್ಯಾನಿನ ಬಕಲ್‌ನಲ್ಲಿ ಹಳೆ ಮಾಲೀಕರು ಅಂಥದ್ದು ಬಿಟ್ಟುಹೋಗಿದ್ದರೆ ಕಿತ್ತು ಬಿಸಾಡಿ.

ಈಗ ಬಾಗಿಲು. ಜಾರು ಬಾಗಿಲಿನ ಸ್ವಭಾವ ಮಾಮೂಲಿ ಕಾರಿನ ಬಾಗಿಲಿನಂತಲ್ಲ. ಸಿನಿಮಾದಲ್ಲಿ ಕಿಡ್ನಾಪ್ ಮಾಡೋಕೆ ಓಮ್ನಿಯನ್ನೇ ತರುತ್ತಿದ್ದುದು ಇದಕ್ಕೇ. ಒಂದು ಎಳೆತಕ್ಕೆ ದೊಡ್ಡ ಬಾಯಿ ತೆರೆಯುತ್ತದೆ.

ಕೆಲವು ವರ್ಷದ ಹಿಂದೆ ಒಬ್ಬ ಗಿರಾಕಿ ಸೋಮೇಶ್ವರದ ಕಡೆಯಿಂದ ಆಗುಂಬೆ ಹತ್ತುತ್ತಿದ್ದರು. ವ್ಯಾನ್ ತುಂಬಾ ತೆಂಗಿನಕಾಯಿ. ಹೇರ್‌ಪಿನ್ ತಿರುವಿನಲ್ಲಿ ಎಡಗಡೆ ಬಾಗಿಲು ತಾನೇ ಸರಕ್ಕನೆ ಹಿಂದಕ್ಕೆ ಹೋಯಿತು. ಒಂದು ಚೀಲ ಕೆಳಗೆ ಬಿತ್ತು, ಕಾಯಿಗಳು ಹಿಂದಿನ ತಿರುವಿನವರೆಗೆ ಉರುಳಿಕೊಂಡು ಹೋದವು. ಚೀಲದ ಜಾಗದಲ್ಲಿ ಮಗು ಇದ್ದಿದ್ದರೆ ಅಂತ ಅವರು ಹೇಳುವಾಗಲೂ ಕೈ ನಡುಗುತ್ತಿತ್ತು. ಗ್ಯಾರೇಜಿನಲ್ಲಿ ನೋಡಿದರೆ ಬಾಗಿಲಿನ ಲಾಕಿಗೆ ಏನೂ ಆಗಿರಲಿಲ್ಲ. ಕೆಳಗಿನ ಹಳಿಯಲ್ಲಿ ಜಲ್ಲಿಕಲ್ಲು, ಕೆಮ್ಮಣ್ಣು ಗಟ್ಟಿಯಾಗಿ ಕೂತಿತ್ತು. ಬಾಗಿಲು ಕೊನೆಯ ಬೆರಳಗಲ ಮುಂದಕ್ಕೆ ಹೋಗುತ್ತಲೇ ಇರಲಿಲ್ಲ.

ಬಾಗಿಲಿನ ಹಿಡಿತಕ್ಕೆ ಎರಡು ಹಂತ. ಮೊದಲ "ಟಕ್"ಗೆ ಅರ್ಧ ಹಿಡಿಯುತ್ತದೆ, ಎರಡನೆಯದಕ್ಕೆ ಪೂರ್ತಿ. ಅರ್ಧ ಹಿಡಿದಾಗಲೂ ಮುಚ್ಚಿದ ಹಾಗೇ ಕಾಣುತ್ತದೆ. ಹೊರಗೆ ನಿಂತು ಬಾಗಿಲಿನ ತಗಡು, ಬಾಡಿಯ ತಗಡು ಒಂದೇ ಸಮ ಇದೆಯಾ ಅಂತ ಅಂಗೈ ಸವರಿ ನೋಡಿ. ಇನ್ನೊಂದು ವಿಷಯ, ಈ ಬಾಗಿಲು ಹಿಂದಕ್ಕೆ ತೆರೆಯುತ್ತದೆ. ಹಾಗಾಗಿ ಏರು ಹತ್ತುವಾಗ, ಜೋರಾಗಿ ಮುಂದೆ ಹೋಗುವಾಗ ತೆರೆದುಕೊಳ್ಳಲು ನೋಡುತ್ತದೆ. ಇಳಿಜಾರಿನಲ್ಲಿ, ಬ್ರೇಕ್ ಹಾಕಿದಾಗ ಮುಚ್ಚಿಕೊಳ್ಳಲು ನೋಡುತ್ತದೆ. ನೀವು ಘಾಟಿ ಇಳಿಯುವಾಗ ಎಲ್ಲಾದರೂ ನಿಲ್ಲಿಸಿ ಬಾಗಿಲು ತೆರೆದಿರಿ ಅನ್ನಿ, ಅದು ತಾನಾಗಿ ಮುಂದಕ್ಕೆ ಬಂದು ಮಗುವಿನ ಬೆರಳ ಮೇಲೆ ಬೀಳಬಹುದು. ಪೂರ್ತಿ ಹಿಂದಕ್ಕೆ ತಳ್ಳಿ, ಒಬ್ಬರು ಹಿಡಿದುಕೊಂಡಿರಲಿ. ಹೊರಡುವ ಹಿಂದಿನ ದಿನ ಹಳೆ ಹಲ್ಲುಜ್ಜುವ ಬ್ರಷ್ಷಿನಲ್ಲಿ ಹಳಿ ಗೋರಿ ಸ್ವಚ್ಛ ಮಾಡಿ.

ಚೈಲ್ಡ್ ಲಾಕ್ ಮತ್ತು ಬಾಗಿಲಿನ ಲಾಕ್ ನಾಬ್ ಎರಡೂ ಒಂದೇ ಅಂತ ತುಂಬಾ ಜನ ತಿಳಿದಿದ್ದಾರೆ. ಬೇರೆ ಬೇರೆ. ನಾಬ್ ಒತ್ತಿದರೆ ಹೊರಗಿನವರು ತೆರೆಯಲಾಗುವುದಿಲ್ಲ. ಚೈಲ್ಡ್ ಲಾಕ್ ಬಾಗಿಲಿನ ಅಂಚಿನಲ್ಲಿರುವ ಸಣ್ಣ ಕಡ್ಡಿ, ಬಾಗಿಲು ತೆರೆದಾಗ ಮಾತ್ರ ಕಾಣುತ್ತದೆ. ಅದನ್ನು ಹಾಕಿದರೆ ಒಳಗಿನ ಹಿಡಿ ಕೆಲಸ ಮಾಡುವುದಿಲ್ಲ, ಹೊರಗಿನದು ಮಾಡುತ್ತದೆ. ಅಮ್ಮನಿಗೆ ಹೇಳಬೇಕಾದ್ದು ಇದನ್ನೇ. ಅಪಘಾತದಲ್ಲಿ ಓಡಿಬಂದ ಜನ ಚೈಲ್ಡ್ ಲಾಕ್ ಹಾಕಿದ ಬಾಗಿಲನ್ನು ಹೊರಗಿನಿಂದ ತೆರೆಯಬಹುದು. ಅವರನ್ನು ತಡೆಯುವುದು ಒತ್ತಿಟ್ಟ ನಾಬ್.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಬಲಗಡೆಯ ಬಾಗಿಲು ರಸ್ತೆಗೆ ತೆರೆಯುತ್ತದೆ. ಅದಕ್ಕೆ ಚೈಲ್ಡ್ ಲಾಕ್ ಸದಾ ಇರಲಿ, ಮಕ್ಕಳಿದ್ದರೂ ಇಲ್ಲದಿದ್ದರೂ. ಎಡಗಡೆಯದಕ್ಕೆ ಮಗು ಅದರ ಪಕ್ಕ ಕೂತಾಗ ಹಾಕಿ. ಗಾಡಿ ಓಡುವಾಗ ನಾಬ್ ಒತ್ತಿರಲಿ, ಹಿಡಿಗೆ ಏನೋ ತಾಗಿ ತೆರೆದುಕೊಳ್ಳುವುದು ತಪ್ಪುತ್ತದೆ. ಆದರೆ ಮಧ್ಯದಲ್ಲಿ ಕೂರುವ ದೊಡ್ಡವರಿಗೆ ಒಂದು ಪಾಠ ಹೇಳಿಕೊಡಿ: ಏನಾದರೂ ಆದರೆ ಮೊದಲು ನಾಬ್ ಎತ್ತಬೇಕು, ಆಮೇಲೆ ಬೆಲ್ಟು. ನಾಬ್ ಎತ್ತಿದ ಮೇಲೆ ಕಿಟಕಿಯ ಗಾಜು ಸರಿಸಿ ಕೈ ಹೊರಗೆ ಹಾಕಿದರೆ ಹೊರಗಿನ ಹಿಡಿ ಸಿಗುತ್ತದಾ ಅಂತ ಮನೆಯಲ್ಲೇ ನೋಡಿಕೊಳ್ಳಿ. ಹಿಂದಿನ ದೊಡ್ಡ ಬಾಗಿಲು ಬಹಳಷ್ಟು ವ್ಯಾನುಗಳಲ್ಲಿ ಒಳಗಿನಿಂದ ತೆರೆಯುವುದಿಲ್ಲ. ಕೊನೆ ಸಾಲಿನವರು ಮಧ್ಯದ ಸೀಟು ಮಡಚಿ ಬರಬೇಕು. ಮಡಚುವ ಲಿವರ್ ಎಲ್ಲಿದೆ ಅಂತ ಅವರಿಗೆ ತೋರಿಸಿ.

2019ರ ಜುಲೈ 1ರಿಂದ ತಯಾರಾದ ಕಾರು, ವ್ಯಾನುಗಳಲ್ಲಿ ಸೆಂಟ್ರಲ್ ಲಾಕಿಂಗ್ ಇದ್ದರೆ ಕರೆಂಟು ಕೈಕೊಟ್ಟರೂ ಕೈಯಲ್ಲಿ ತೆರೆಯಲು ಬರಬೇಕು ಎಂಬ ನಿಯಮ ಇದೆ. ನಿಮ್ಮದು 2016ರದ್ದು. ಹಳೆ ಮಾಲೀಕರು ಹೊರಗಡೆ ಅಂಗಡಿಯಲ್ಲಿ ಸೆಂಟ್ರಲ್ ಲಾಕ್ ಹಾಕಿಸಿದ್ದರೆ, ಬ್ಯಾಟರಿಯ ವೈರು ಬಿಚ್ಚಿ ನಾಲ್ಕೂ ನಾಬ್ ಕೈಯಿಂದ ಎತ್ತಲು ಬರುತ್ತಾ ನೋಡಿ. ಬಿಗಿಯಾಗಿದ್ದರೆ ಆ ಮೋಟಾರನ್ನೇ ತೆಗೆಸಿ.

ನಾನೂ ಒಂದು ಸಲ ಪೆಟ್ಟು ತಿಂದಿದ್ದೇನೆ. ಏಪ್ರಿಲ್ ತಿಂಗಳು, ಮದುವೆ ಮನೆ. ತಂಗಿಯ ಮಗ, ಮೂರು ವರ್ಷ. ಕೀ ವ್ಯಾನಿನಲ್ಲೇ ಬಿಟ್ಟು ಪಾತ್ರೆ ಇಳಿಸುತ್ತಿದ್ದೆ. ಅವನು ಹತ್ತಿ ಬಾಗಿಲು ಎಳೆದುಕೊಂಡು, ಒಂದೊಂದೇ ನಾಬ್ ಒತ್ತಿಕೊಂಡು ಬಂದ. ಎತ್ತು ಅಂದರೆ ನಗುತ್ತಾನೆ. ಸ್ಪೇರ್ ಕೀ ಊರಲ್ಲಿ. ಬಿಸಿಲಲ್ಲಿ ನಿಂತ ಗಾಡಿಯ ಒಳಗೆ ಹತ್ತೇ ನಿಮಿಷದಲ್ಲಿ ಬಿಸಿ ಸುಮಾರು 10 ಡಿಗ್ರಿ ಏರುತ್ತದೆ. ನಗು ಅಳುವಾಯಿತು. ಅವನಿಂದ ದೂರದ ಕಿಟಕಿಯ ಮೂಲೆಗೆ ವ್ಹೀಲ್ ಸ್ಪ್ಯಾನರಿನಲ್ಲಿ ಹೊಡೆದೆ. ಪಕ್ಕದ ಗಾಜು ಮೂಲೆಗೆ ಹೊಡೆದರೆ ಪುಡಿಯಾಗುತ್ತದೆ, ನಡುವೆ ಹೊಡೆದರೆ ಸ್ಪ್ಯಾನರೇ ವಾಪಸು ಪುಟಿಯುತ್ತದೆ. ಮುಂದಿನ ಗಾಜು ಪದರದ್ದು, ಅದಕ್ಕೆ ಕೈ ಹಾಕಬೇಡಿ. ಅವತ್ತಿನಿಂದ ಸ್ಪೇರ್ ಕೀ ನನ್ನ ಹೆಂಡತಿಯ ಪರ್ಸಿನಲ್ಲಿರುತ್ತದೆ. ನೀವು ಅಮ್ಮನ ಕೈಗೆ ಕೊಡಿ. ಲಾಕಿನ ಭಯವೂ ಸ್ವಲ್ಪ ಇಳಿದೀತು.

ಕೊನೆಗೆ, 9 ಜನ. ಬೆಲ್ಟು ಎಷ್ಟೋ ಅಷ್ಟೇ ಜನ. ಜಾಸ್ತಿ ಕೂರಿಸಿದರೆ ದಂಡದ ಮಾತು ಬಿಡಿ, ಆ ಇಬ್ಬರು ಡಿಕ್ಕಿಯ ಹೊತ್ತಿಗೆ ಬೆಲ್ಟು ಹಾಕಿ ಕೂತವರ ಮೇಲೇ ಬೀಳುವುದು. ತೀರ್ಥಹಳ್ಳಿಯಿಂದ ಆಗುಂಬೆ ಮೇಲೆ ಉಡುಪಿಗೆ ಬಸ್ಸುಗಳಿವೆಯಲ್ಲ ಮಾರಾಯ್ರೆ. ಗಟ್ಟಿಮುಟ್ಟಾಗಿರುವ ಇಬ್ಬರನ್ನು ಬೆಳಗ್ಗೆ ಅದಕ್ಕೆ ಹತ್ತಿಸಿಬಿಡಿ. ಮಠದ ಊಟದ ಸರದಿಗೆ ಅವರೇ ಮೊದಲು ನಿಂತಿರುತ್ತಾರೆ.